ಅಳತೆ ಅಳಿಸಿದ ಮಹಾನುಭಾವ

ಮದುವೆಯಾದ ಮೇಲೆ ನನ್ನ ಹೆಂಡತಿ ನನ್ನನ್ನು ನಂಬಿದ್ದು ಒಂದೇ ಸಲ. ಅದರ ಫಲ ಇಬ್ಬರೂ ಅನುಭವಿಸಿದೆವು.

ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ನಾನು ಸಾಫ್ಟ್‌ವೇರ್ ಬರೆಯುತ್ತೇನೆ. (ಅವಳ ಕೆಲಸ ಚೆನ್ನಾದಾಗ ಕಾಣುತ್ತದೆ, ನನ್ನದು ಕೆಟ್ಟಾಗ.) ಗಿರಾಕಿಗಳ ಅಳತೆಯನ್ನು ಚೀಟಿಯಲ್ಲಿ ಬರೆದು ಗೋಡೆಗೆ ಚುಚ್ಚುತ್ತಿದ್ದವಳಿಗೆ ನಾನೇ ಮೇಲೆ ಬಿದ್ದು ಒಂದು ಆ್ಯಪ್ ಮಾಡಿಕೊಟ್ಟೆ.

"ಅಳತೆ ಎಲ್ಲಾ ಎಲ್ಲಿರುತ್ತೆ?" ಎಂದಳು.

"ಡೇಟಾಬೇಸಲ್ಲಿ. ಅದು ಕಂಟೇನರ್ ಒಳಗೆ. ಒಂದು ಡಬ್ಬ ಅಂದ್ಕೋ. ಲ್ಯಾಪ್‌ಟಾಪ್ ಗಲೀಜಾಗಲ್ಲ. ಬೇಡ ಅಂದ್ರೆ ಡಬ್ಬ ಎಸೆದು ಕ್ಷಣದಲ್ಲಿ ಹೊಸದು ತರಬಹುದು."

"ಎಸೆದ್ರೆ ಒಳಗಿರೋದು?"

"ಅದೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು."

(ಹೆಂಡತಿಗೆ ಈ ಮಾತು ಹೇಳಿ ಸುಖವಾಗಿ ಬಾಳಿದ ಗಂಡಸು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.)

ಅವಳು ಅಳತೆಗಳನ್ನೆಲ್ಲ ಆ್ಯಪಿಗೆ ತುಂಬಿ ಚೀಟಿಗಳನ್ನು ಕಸಕ್ಕೆ ಹಾಕಿದಳು. ಒಂದು ಭಾನುವಾರ ಡೇಟಾಬೇಸಿನ ಹೊಸ ಆವೃತ್ತಿ ಬಂತು. ನಾನು ಉತ್ಸಾಹದಿಂದ ಹಳೆ ಡಬ್ಬ ಅಳಿಸಿ ಹೊಸದು ತಂದೆ. ಹೊಸ ಡಬ್ಬ ಪರಮ ಶುಭ್ರವಾಗಿತ್ತು. ಎಷ್ಟು ಶುಭ್ರವೆಂದರೆ ಒಳಗೆ ಒಂದು ಸೊಂಟವೂ ಇರಲಿಲ್ಲ. ಮಾಹಿತಿಯನ್ನು ಡಬ್ಬದ ಹೊರಗೆ ಜೋಪಾನವಾಗಿಡುವ ಜಾಗಕ್ಕೆ ವಾಲ್ಯೂಮ್ ಎನ್ನುತ್ತಾರೆ. ಅದನ್ನು ಜೋಡಿಸುವುದನ್ನೇ ಮರೆತಿದ್ದೆ. ಹೆಂಡತಿಯ ವಾಲ್ಯೂಮ್ ಮಾತ್ರ ಯಾರೂ ಜೋಡಿಸದೆಯೇ ಏರಿತು.

ಅಳತೆ ಅಳಿಸಿದವನನ್ನು ಅವಳು ಅಳಿಸದೆ ಬಿಡುತ್ತಾಳೆಯೇ?

"ರೀ, ನಾಳೆ ಬಟ್ಟೆ ಕತ್ತರಿಸ್ಬೇಕು. ಎಲ್ಲರಿಗೂ ಫೋನ್ ಮಾಡಿ ಅಳತೆ ಕೇಳಿ."

"ನಾನಾ? ಹೆಂಗಸರ ಸೊಂಟ ಎಷ್ಟು ಅಂತ ನಾನು ಕೇಳೋದಾ?"

"ಅಳಿಸುವಾಗ ನಾಚಿಕೆ ಆಗ್ಲಿಲ್ವಲ್ಲ."

ತನ್ನ ಫೋನನ್ನು ಕೈಗಿಟ್ಟಳು. ಅದರಲ್ಲಿ ಗಿರಾಕಿಗಳಿಗೆ ಹೆಸರಿಲ್ಲ, ಬಟ್ಟೆಯೇ ಗುರುತು. ಮೊದಲು 'ಹಸಿರು ಗೌನು'. ಫೋನೆತ್ತಿದ್ದು ಗೌನಿನ ಗಂಡ.

"ನಮ್ಮನೆಯವಳ ಸೊಂಟ ನಿನಗ್ಯಾಕಯ್ಯ? ವಿಳಾಸ ಹೇಳು, ನಾನೇ ಬಂದು ಕೊಡ್ತೀನಿ."

ಫೋನಿಟ್ಟು ನೀರು ಕುಡಿದೆ. ಮುಂದಿನದು 'ಕಪ್ಪು ಕೋಟು'. ಈ ಸಲ ಸಂಶಯಕ್ಕೆ ಎಡೆಯಿಲ್ಲದಂತೆ ಡಬ್ಬದ ಕಥೆಯಿಂದಲೇ ಶುರುಮಾಡಿ, ಕೊನೆಗೆ ಮೆಲ್ಲನೆ ಸೊಂಟಕ್ಕೆ ಬಂದೆ. ಆ ಕಡೆಯ ಹೆಂಗಸು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ವಾಲ್ಯೂಮ್ ಹಾಕಿರ್ಲಿಲ್ವಾ?"

"ಫುಲ್ ಇದೆ ಮೇಡಂ. ಇನ್ನೂ ಜೋರಾಗಿ ಮಾತಾಡ್ಲಾ?"

ಒಂದು ನಿಟ್ಟುಸಿರು ಕೇಳಿಸಿತು. ಆಫೀಸಿನಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಕೇಳುವ ಅದೇ ನಿಟ್ಟುಸಿರು. ಕಪ್ಪು ಕೋಟು ನನ್ನ ಮ್ಯಾನೇಜರು.

ಅವರು ಬೈಯಲಿಲ್ಲ. ಸಂಜೆ ಮನೆಗೇ ಬಂದು ಅಳತೆ ಕೊಟ್ಟರು. ನಾನು ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದರೆ, ಮುಂದಿನ ಕೋಣೆಯಿಂದ ಇಬ್ಬರ ನಗು ಅಲೆಅಲೆಯಾಗಿ ಬರುತ್ತಿತ್ತು. ನಡುನಡುವೆ "ಇಲ್ಲೂ ಹಾಗೇನಾ?" "ಅಯ್ಯೋ, ಅಲ್ಲೂನಾ?" ಎಂಬ ಮಾತು.

ಈಗ ಆಫೀಸಿನಲ್ಲಿ ಏನಾದರೂ ಅಳಿಸಬೇಕೆಂದು ಅನುಮತಿ ಕೇಳಿದರೆ ಮ್ಯಾನೇಜರು ತಲೆಯೆತ್ತದೆ, "ಮನೇಲಿ ಕೇಳಿದ್ರಾ?" ಎನ್ನುತ್ತಾರೆ.

ಮನೆಯಲ್ಲಿ ಕೇಳಿದರೆ ಇವಳು ಹೊಲಿಗೆ ಯಂತ್ರ ನಿಲ್ಲಿಸದೆ ಹೇಳುತ್ತಾಳೆ:

"ಮೇಡಂ ಏನಂದ್ರು?"