ಮುಂದಿನ ಗುರುವಾರ ಬಂದು ವಿಚಾರಿಸಿ

ಸಂದರ್ಶನಕ್ಕೆ ಹೋಗಿ ಬರುವುದು ಅರ್ಧ ದಿನದ ಕೆಲಸ. ಆಮೇಲೆ ‘ಏನಾಯ್ತು ಸರ್’ ಎಂದು ವಿಚಾರಿಸುತ್ತ ತಿರುಗುವುದಿದೆಯಲ್ಲ, ಅದು ಪೂರ್ಣಾವಧಿ ಉದ್ಯೋಗ. ಈ ವರ್ಷ ನನಗೆ ಸಿಕ್ಕಿದ್ದು ಅದೊಂದೇ ಆದ್ದರಿಂದ ಶ್ರದ್ಧೆಯಿಂದ ಮಾಡಿದೆ. ಶ್ರದ್ಧೆಯಿಂದ ಮಾಡುವವರಿಗೆ ಮುಂದೆ ಹೇಳುವಂಥವು ಆಗುತ್ತಲೇ ಇರುತ್ತವೆ.

ನಾನು ಕನ್ನಡ ಮೇಷ್ಟ್ರು. ಚಾಮರಾಜಪೇಟೆಯ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದೆ. ಕೊನೆಯ ವರ್ಷ ಇಡೀ ಶಾಲೆಗೆ ಮಕ್ಕಳು ಹತ್ತೊಂಬತ್ತು, ಮೇಷ್ಟ್ರುಗಳು ಏಳು. ಏಪ್ರಿಲ್‌ನಲ್ಲಿ ಬಾಗಿಲು ಹಾಕಿದರು. ನನಗೀಗ ಐವತ್ತಮೂರು. ಹೆಂಡತಿ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಅವಳೊಬ್ಬಳ ಸಂಬಳದಲ್ಲಿ ಮನೆ ಬಾಡಿಗೆಯೂ ಅಮ್ಮನ ಮಾತ್ರೆಯೂ ಒಟ್ಟಿಗೆ ನಡೆಯುವುದು ಕಷ್ಟ. ಖಾಸಗಿ ಶಾಲೆಗಳವರು ಮೇಷ್ಟ್ರುಗಳನ್ನು ತೆಗೆದುಕೊಳ್ಳುವುದು ಜುಲೈ ಕೊನೆಯವರೆಗೆ ಮಾತ್ರ. ಅಷ್ಟರೊಳಗೆ ಆಗದಿದ್ದರೆ ಮುಂದಿನ ಬೇಸಿಗೆಯವರೆಗೆ ಯಾರೂ ತಿರುಗಿ ನೋಡುವುದಿಲ್ಲ, ಆಗ ನನಗೆ ಐವತ್ತನಾಲ್ಕಾಗಿರುತ್ತದೆ. ನನಗೆ ಭಯವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಕೇಳಿದವರು ನಕ್ಕಿದ್ದಾರೆ. ಹೇಳುವಾಗ ನಾನೂ ನಗುತ್ತೇನೆ.

೧. ಧನ್ಯವಾದ

ಬಸವನಗುಡಿಯ ಒಂದು ದೊಡ್ಡ ಶಾಲೆಯಲ್ಲಿ ಮೊದಲ ಸಂದರ್ಶನ. "ತಿಳಿಸ್ತೀವಿ" ಅಂದರು. ಮನೆಗೆ ಬಂದರೆ ಅಕ್ಕನ ಮಗಳು ಕೂತಿದ್ದಳು. ಅವಳು ದೊಡ್ಡ ಆಫೀಸಿನಲ್ಲಿ ಕೆಲಸಕ್ಕಿರುವವಳು, ಇಂಥದ್ದೆಲ್ಲ ಗೊತ್ತು.

"ಮಾಮ, ಥ್ಯಾಂಕ್ಸ್ ಹೇಳಿ ಒಂದು ಮೇಲ್ ಹಾಕಿದೀರಾ?"

"ಅವರೇನು ಮಾಡಿದಾರೆ ಅಂತ ಥ್ಯಾಂಕ್ಸ್ ಹೇಳ್ಲಿ?"

"ಹಾಗಲ್ಲ. ಹಾಕ್ಬೇಕು. ಹಾಕಿಲ್ಲ ಅಂದ್ರೆ ಇಂಟರೆಸ್ಟ್ ಇಲ್ಲ ಅನ್ಕೋತಾರೆ."

ಆಸಕ್ತಿ ಇಲ್ಲ ಎಂದುಕೊಂಡರೆ ಗತಿಯೇನು ಎಂದು ಅವತ್ತೇ ಕೂತು ಬರೆದೆ. ಕನ್ನಡ ಮೇಷ್ಟ್ರ ಹುದ್ದೆಯಲ್ಲವೇ, ಕನ್ನಡದಲ್ಲೇ ಬರೆದೆ, ಒಂದೂವರೆ ಪುಟ. ಎರಡು ನಿಮಿಷಕ್ಕೆ ಉತ್ತರ ಬಂತು. ಇಷ್ಟು ಬೇಗ ಬಂತಲ್ಲ ಎಂದು ಹೆಂಡತಿಯನ್ನೂ ಕರೆದೆ. ತೆಗೆದು ನೋಡಿದರೆ, ‘ನಿಮ್ಮ ದೂರು ದಾಖಲಾಗಿದೆ. ಮಗುವಿನ ಹೆಸರು ಮತ್ತು ತರಗತಿ ತಿಳಿಸಿ’ ಎಂದಿತ್ತು. ಆ ವಿಳಾಸಕ್ಕೆ ಇದುವರೆಗೆ ದೂರು ಬಿಟ್ಟು ಬೇರೇನೂ ಬಂದಿರಲಿಲ್ಲವೋ ಏನೋ.

ಮರುದಿನ ಆ ಶಾಲೆಯ ಆಫೀಸಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. "ಸರ್, ನಿಮ್ಮ ಮಗುಗೆ ಏನು ತೊಂದ್ರೆ?"

"ಮಗುಗೆ ಏನೂ ಇಲ್ಲಮ್ಮ, ತೊಂದ್ರೆ ನನಗೆ. ಕನ್ನಡ ಪೋಸ್ಟ್‌ಗೆ ಇಂಟರ್‌ವ್ಯೂಗೆ ಬಂದಿದ್ದೆ, ಏನಾಯ್ತು ಅಂತ ಸ್ವಲ್ಪ ಕೇಳಿ ಹೇಳ್ತೀರಾ?"

"ಅದು ನಮ್ಮ ಸೆಕ್ಷನ್ ಅಲ್ಲ ಸರ್. ಆದ್ರೆ ಮಗು ಹೆಸರು ಹೇಳ್ದೆ ಕಂಪ್ಲೇಂಟ್ ಕ್ಲೋಸ್ ಮಾಡೋಕೆ ಬರಲ್ಲ."

ಆಕೆಯ ಕಷ್ಟ ನೋಡಲಾರದೆ ನನ್ನ ಹೆಸರನ್ನೇ ಹೇಳಿದೆ. ತರಗತಿ ಕೇಳಿದಳು, ಒಂದನೇ ಕ್ಲಾಸು ಅಂದೆ. ಸಂಜೆ ಇನ್ನೊಂದು ಸಂದೇಶ ಬಂತು: ‘ನಿಮ್ಮ ಮಗುವಿನ ಸಮಸ್ಯೆ ಪರಿಹಾರವಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಮೇಲಿನವರು ಯಾರಾದರೂ ನೋಡಿದರೂ ನೋಡಬಹುದು ಎಂದು ಐದೂ ಕೊಟ್ಟೆ.

೨. ಶುಭೋದಯ

ಮಲ್ಲೇಶ್ವರದ ಶಾಲೆಯಲ್ಲಿ ಸಂದರ್ಶನ ಮಾಡಿದವರು ಅಲ್ಲಿನ ಕಾರ್ಯದರ್ಶಿಗಳು, ಎಪ್ಪತ್ತು ದಾಟಿದ ಹಿರಿಯರು. ಹೊರಡುವಾಗ ತಮ್ಮ ನಂಬರನ್ನೇ ಕೊಟ್ಟು, "ಸಂಕೋಚ ಮಾಡ್ಕೋಬೇಡಿ" ಅಂದರು. ಅಷ್ಟು ಹೇಳಿದ್ದೇ ನನಗೆ ಸಂಕೋಚವಾಗಿಬಿಟ್ಟಿತು.

ಹೆಂಡತಿಯ ತಮ್ಮ ಉಪಾಯ ಹೇಳಿದ. "ಭಾವ, ಕೆಲಸ ಏನಾಯ್ತು ಅಂತ ಕೇಳಿದ್ರೆ ಚೀಪಾಗಿ ಕಾಣತ್ತೆ. ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹಾಕ್ತಾ ಇರಿ. ನೆನಪಲ್ಲಿ ಇರ್ತೀರ."

ಅಂತೆಯೇ ದಿನಾ ಬೆಳಿಗ್ಗೆ ಆರಕ್ಕೆ ಒಂದು ಕಮಲದ ಹೂವೋ, ಸೂರ್ಯೋದಯವೋ, ಗಣಪತಿಯೋ ಕಳಿಸತೊಡಗಿದೆ. ಆರೂ ಐದಕ್ಕೆ ಅವರಿಂದ ಕೈಮುಗಿದ ಚಿತ್ರ ಬರುತ್ತಿತ್ತು. ಎರಡನೇ ವಾರಕ್ಕೆ ತಾವೇ ಭಜನೆ ಕಳಿಸಿದರು. ಮೂರನೇ ವಾರಕ್ಕೆ ಮಂಡಿನೋವಿಗೆ ಮೆಂತ್ಯ ಹೇಗೆ ತಿನ್ನಬೇಕು ಎಂದು ವಿವರವಾಗಿ ಬರೆದರು. ಆಮೇಲೆ ಒಂದು ಭಾನುವಾರ ತಿಂಡಿಗೆ ಬನ್ನಿ ಎಂದು ಕರೆದರು. ಮನೆಯಲ್ಲಿ ಹಬ್ಬದ ವಾತಾವರಣ. ಹೆಂಡತಿ ಷರ್ಟಿಗೆ ಇಸ್ತ್ರಿ ಮಾಡಿದಳು, ಮೆಟ್ರೋ ಹತ್ತಿ ಹೋದೆ.

ಇಡ್ಲಿ ಮುಗಿಯಿತು, ಕಾಫಿ ಮುಗಿಯಿತು. ಕೊನೆಗೆ ನಾಚಿಕೆ ಬಿಟ್ಟು, "ಸರ್, ಆ ಕನ್ನಡ ಪೋಸ್ಟ್ ವಿಷಯ" ಅಂದೆ.

ಅವರು ಲೋಟ ಕೆಳಗಿಟ್ಟರು. "ನೀವು ಇಂಟರ್‌ವ್ಯೂಗೆ ಬಂದಿದ್ದೋರಾ? ನಮ್ಮ ದೇವಸ್ಥಾನದ ಕಮಿಟಿಯೋರು ಅನ್ಕೊಂಡಿದ್ನಲ್ಲ."

"ಪೋಸ್ಟು?"

"ಅದು ಹೋಗಿ ಹದಿನೈದು ದಿನ ಆಯ್ತಲ್ಲ. ಒಬ್ಬರು ಫೋನ್ ಮಾಡಿ ‘ಕೆಲಸ ಏನಾಯ್ತು’ ಅಂತ ನೇರವಾಗಿ ಕೇಳಿದ್ರು. ಕೊಟ್ಬಿಟ್ವಿ."

ಈಗಲೂ ಆರೂ ಐದಕ್ಕೆ ಕೈಮುಗಿದ ಚಿತ್ರ ಬರುತ್ತದೆ. ನನ್ನ ಮಂಡಿನೋವು ಮಾತ್ರ ವಾಸಿಯಾಗಿದೆ.

೩. ಇಪ್ಪತ್ತೆರಡು ವರ್ಷದ ಅನುಭವ

ಮೂರನೆಯದು ಶಂಕರಪುರದ ಶಾಲೆ. ಈ ಸಲ ನೇರವಾಗಿ ಫೋನ್ ಮಾಡಿ ಕೇಳಿದೆ. ಅಲ್ಲಿಯ ಕ್ಲರ್ಕ್ ಸ್ವಲ್ಪ ಗಂಭೀರವಾಗಿ ಮಾತಾಡಿದರು.

"ಸರ್, ನಿಮ್ಮ ಹಳೇ ಶಾಲೆ ನಂಬರ್‌ಗೆ ಫೋನ್ ಮಾಡಿ ವಿಚಾರಿಸಿದ್ವಿ. ಅಲ್ಲಿ ಗಂಡಸರಿಗೆ ಪ್ರವೇಶವೇ ಇಲ್ವಂತೆ."

ನನಗೆ ತಲೆ ತಿರುಗಿತು. ಆಮೇಲೆ ಹೊಳೆಯಿತು. ನಮ್ಮ ಶಾಲೆಯ ಕಟ್ಟಡ ಈಗ ಲೇಡೀಸ್ ಪಿಜಿ ಆಗಿದೆ, ಫೋನ್ ನಂಬರ್ ಮಾತ್ರ ಹಾಗೇ ಉಳಿದಿದೆ. ಇಪ್ಪತ್ತೆರಡು ವರ್ಷ ಅಲ್ಲಿದ್ದೆ ಎಂದು ನಾನು ಬರೆದುಕೊಟ್ಟಿದ್ದೇನೆ, ಅಲ್ಲಿಯವರು ಗಂಡಸರನ್ನು ಗೇಟಿನೊಳಗೇ ಬಿಡುವುದಿಲ್ಲ ಎಂದಿದ್ದಾರೆ.

ಚಾಮರಾಜಪೇಟೆಗೆ ಓಡಿದೆ. ಗೇಟಿನ ಹೊರಗೇ ನಿಂತು ಕರೆದೆ. ಅಡುಗೆಯ ಹೆಂಗಸು ಬಂದಳು, ಫೋನ್ ಎತ್ತುವುದೂ ಅವಳೇ. ನನ್ನ ಕಥೆಯೆಲ್ಲ ಹೇಳಿದೆ. ಒಳಗೆ ಏಳನೇ ತರಗತಿಯ ಕೋಣೆಯ ಕಿಟಕಿ ಕಾಣುತ್ತಿತ್ತು, ಅದರ ಸರಳಿಗೆ ಯಾರದೋ ಟವೆಲ್ ಒಣಹಾಕಿದ್ದರು. ಆ ಕೋಣೆಯ ಕಪ್ಪು ಹಲಗೆಯ ಮೇಲೆ ದಿನದ ಸುಭಾಷಿತ ಬರೆಯುವುದು ನನ್ನ ಕೆಲಸವಾಗಿತ್ತು.

"ಅಳ್ಬೇಡಿ ಮೇಷ್ಟ್ರೇ," ಎಂದಳು ಆಕೆ. ನಾನು ಅಳುತ್ತಿರಲಿಲ್ಲ, ಆದರೆ ಹಾಗೆ ಕಂಡಿರಬೇಕು. "ಇನ್ನೊಂದ್ಸಲ ಫೋನ್ ಮಾಡಕ್ಕೆ ಹೇಳಿ. ನಾನು ಚೆನ್ನಾಗಿ ಹೇಳ್ತೀನಿ."

ಕ್ಲರ್ಕ್ ಕೈಕಾಲು ಹಿಡಿದು ಇನ್ನೊಮ್ಮೆ ಫೋನ್ ಮಾಡಿಸಿದೆ. ಮಾಡಿದವರು ನನಗೆ ತಿರುಗಿ ಹೇಳಿದ್ದು ಇಷ್ಟು: "ಇಪ್ಪತ್ತೆರಡು ವರ್ಷ ಇದ್ದಿದ್ದು ನಿಜವಂತೆ ಸರ್. ತುಂಬಾ ಒಳ್ಳೆ ಮನುಷ್ಯರಂತೆ. ಊಟದ ವಿಷಯದಲ್ಲಿ ಒಂದು ದಿನವೂ ತಕರಾರು ಮಾಡಿಲ್ವಂತೆ, ರಾತ್ರಿ ಹತ್ತು ಗಂಟೆಯೊಳಗೆ ವಾಪಸ್ ಬಂದ್ಬಿಡ್ತಿದ್ರಂತೆ."

೪. ಗುರುವಾರ

ಹೀಗೆ ಮೂರು ಶಾಲೆಗಳೂ ಕೈತಪ್ಪಿದ ಮೇಲೆ ಅಮ್ಮ ಒಂದು ಮಾತು ಹೇಳಿದಳು. ಅವಳಿಗೆ ಎಂಬತ್ತೆರಡು. ಬೆಳಗಿನ ಕಾಫಿ ಹೊತ್ತಿಗೆ ದಿನಾ "ಅವರು ಏನಂದ್ರೋ?" ಎಂದು ಕೇಳುತ್ತಾಳೆ, ಯಾವ ‘ಅವರು’ ಎನ್ನುವುದು ಅವಳಿಗೆ ಮುಖ್ಯವಲ್ಲ. ಅವತ್ತು ಹೇಳಿದಳು, "ಈ ಫೋನೆಲ್ಲ ಬಿಡು. ಎದುರಿಗೆ ಹೋಗಿ ಕೂತ್ಕೋ. ಮುಖ ನೋಡಿದ್ರೆ ಇಲ್ಲ ಅನ್ನಕ್ಕೆ ಕಷ್ಟ ಆಗತ್ತೆ."

ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಒಂದು ಶಾಲೆ ಉಳಿದಿತ್ತು. ಅಲ್ಲಿಯ ಹೆಡ್‌ಮಿಸ್ ಜೂನ್‌ನಲ್ಲೇ ಸಂದರ್ಶನ ಮಾಡಿ, "ಮ್ಯಾನೇಜ್‌ಮೆಂಟ್ ಮೀಟಿಂಗ್ ಆಗ್ಬೇಕು ಸರ್. ಗುರುವಾರ ಬಂದು ವಿಚಾರಿಸಿ" ಅಂದಿದ್ದರು. ಹೋದೆ. ವಾಚ್‌ಮನ್ ಪುಸ್ತಕ ಕೊಟ್ಟ. ಹೆಸರು, ಸಮಯ, ಬಂದ ಕಾರಣ. ‘ವಿಚಾರಣೆ’ ಎಂದು ಬರೆದೆ. ಆಫೀಸಿನ ಮುಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತ ಮೇಲೆ, "ಮುಂದಿನ ಗುರುವಾರ ಬಂದು ವಿಚಾರಿಸಿ" ಅಂದರು.

ಮುಂದಿನ ಗುರುವಾರ ಬೆಂಚಿನಲ್ಲಿ ಕೂತಿದ್ದಾಗ ಮೇಲಿನ ಕೋಣೆಯಿಂದ ಭಯಂಕರ ಗಲಾಟೆ. ಆಯಾ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರ್, ಸುಮ್ನೆ ಕೂತಿದೀರಲ್ಲ, ಎಂಟನೇ ಬಿ ಸೆಕ್ಷನ್‌ಗೆ ಹೋಗಿ ಅರ್ಧ ಗಂಟೆ ಕೂತ್ಕೊಳ್ಳಿ. ಕನ್ನಡ ಪೀರಿಯಡ್ಡು, ಯಾರೂ ಇಲ್ಲ."

ನಾನು ಹೋದೆ. ಸೀಮೆಸುಣ್ಣ ಕೈಗೆ ಬಂತು. ಸುಳ್ಳು ಯಾಕೆ ಹೇಳಲಿ, ಮೂರು ತಿಂಗಳಲ್ಲಿ ನನಗೆ ಸಂತೋಷವಾದದ್ದು ಆ ಅರ್ಧ ಗಂಟೆ. ಪತ್ರ ಲೇಖನ ತೆಗೆದುಕೊಂಡೆ, ಉದ್ಯೋಗ ಕೋರಿ ಅರ್ಜಿ. ‘ಇವರಿಗೆ’, ‘ಮಾನ್ಯರೇ’, ‘ತಮ್ಮ ವಿಶ್ವಾಸಿ’, ಎಲ್ಲ ಹಲಗೆಯ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. "ಸರ್, ಇದಕ್ಕೆ ಉತ್ತರ ಬರತ್ತಾ?"

"ಪರೀಕ್ಷೆಗೆ ಅರ್ಜಿ ಮಾತ್ರ ಇರೋದಮ್ಮ," ಅಂದೆ. "ಉತ್ತರ ಸಿಲಬಸ್‌ನಲ್ಲಿಲ್ಲ."

ಆಮೇಲೆ ಹೆಡ್‌ಮಿಸ್, "ಸೋಮವಾರನೂ ಬಂದು ವಿಚಾರಿಸಿ, ಮೀಟಿಂಗ್ ಯಾವಾಗ ಬೇಕಾದ್ರೂ ಆಗ್ಬಹುದು" ಅಂದರು. ಸೋಮವಾರ ಒಂಬತ್ತನೇ ತರಗತಿ ಖಾಲಿ ಇತ್ತು. ಬುಧವಾರವೂ ಹೋಗತೊಡಗಿದೆ, ಜುಲೈ ಎರಡನೇ ವಾರಕ್ಕೆ ಆರು ದಿನವೂ. ವಾಚ್‌ಮನ್ ಪುಸ್ತಕ ಕೊಡುವುದನ್ನು ಬಿಟ್ಟು ಸಲಾಮು ಹೊಡೆಯತೊಡಗಿದ. ಸ್ಟಾಫ್ ರೂಮಿನಲ್ಲಿ ನನಗೂ ಒಂದು ಲೋಟ ಟೀ ಬಂತು. ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ಮಾಡಿಕೊಟ್ಟೆ. ಹೆಂಡತಿ ಡಬ್ಬಿ ಕಟ್ಟಿಕೊಡುತ್ತ, "ಸೇರಿಸ್ಕೊಂಡ್ರಾ?" ಎಂದು ಕೇಳಿದಳು.

"ಸೇರಿಸ್ಕೊಂಡ ಹಾಗೇನೇ."

"ಹಾಗೇನೇ ಅಂದ್ರೆ?"

ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಇಷ್ಟು ದುಡಿದವನನ್ನು ಅವರು ಬಿಡಲಾರರು ಎಂದು ನಂಬಿದ್ದೆ.

ಜುಲೈ ಕೊನೆಯ ಬುಧವಾರ ಮೀಟಿಂಗ್ ಆಯಿತು. ಒಳಗೆ ಕರೆದರು. ಮ್ಯಾನೇಜ್‌ಮೆಂಟಿನ ಅಧ್ಯಕ್ಷರು ಕಾಗದ ತಿರುವಿ ಹಾಕಿದರು.

"ಯಾವ ಪೋಸ್ಟ್‌ಗೆ ಬಂದಿದೀರಿ?"

"ಕನ್ನಡ, ಸರ್."

"ಕನ್ನಡಕ್ಕೆ ಜೂನ್‌ನಲ್ಲಿ ಬೇಕಾಗಿತ್ತು. ಈಗ ನೋಡಿ, ಎಲ್ಲ ಪೀರಿಯಡ್ಡೂ ನಡೀತಿದೆ, ಪಾಠಗಳು ಬೇರೆ ಸಬ್ಜೆಕ್ಟ್‌ಗಿಂತ ಮುಂದಿವೆ, ಪೇರೆಂಟ್ಸ್‌ದು ಒಂದೂ ಕಂಪ್ಲೇಂಟ್ ಇಲ್ಲ. ಹೊಸಬರ ಅವಶ್ಯಕತೆ ಇಲ್ಲ ಅಂತ ತೀರ್ಮಾನ ಮಾಡಿದ್ವಿ."

"ಸರ್, ಆ ಪೀರಿಯಡ್ ತಗೊಳ್ತಿರೋನು ನಾನೇ."

ಅವರು ಹೆಡ್‌ಮಿಸ್ ಮುಖ ನೋಡಿದರು. ಹೆಡ್‌ಮಿಸ್ ಮೇಜು ನೋಡಿದರು. ಅಧ್ಯಕ್ಷರು ಎದ್ದು ನನ್ನ ಕೈ ಕುಲುಕಿದರು. "ತುಂಬಾ ಚೆನ್ನಾಗಿ ಮಾಡ್ತಿದೀರ. ಹೀಗೇ ಮುಂದುವರಿಸಿ. ಪೋಸ್ಟ್ ಏನಾದ್ರೂ ಖಾಲಿ ಆದ್ರೆ ಮೊದಲು ನಿಮಗೇ ಹೇಳ್ತೀವಿ."

ರಾತ್ರಿ ಊಟ ಸೇರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹೇಳಿದಳು, "ನೀವು ಹೋಗ್ತಾ ಇರೋವರೆಗೂ ಅಲ್ಲಿ ಖಾಲಿ ಆಗಲ್ಲ ರೀ. ನಾಳೆ ಮನೇಲಿರಿ."

ಮರುದಿನ ಗುರುವಾರ. ಮನೆಯಲ್ಲೇ ಕೂತೆ. ಹತ್ತೂವರೆಗೆ ಫೋನ್ ಬಂತು. ಏಪ್ರಿಲ್‌ನಿಂದ ಇಲ್ಲಿಯವರೆಗೆ ಒಂದು ಶಾಲೆ ತಾನಾಗಿ ನನ್ನನ್ನು ವಿಚಾರಿಸಿ ಫೋನ್ ಮಾಡಿದ್ದು ಅದೇ ಮೊದಲು. ಅಮ್ಮ ಹತ್ತಿರ ಬಂದು ಕೂತಳು.

"ಸರ್, ಎಂಟನೇ ಬಿ ಗಲಾಟೆ ಮಾಡ್ತಿದೆ. ಯಾಕೆ ಬರ್ಲಿಲ್ಲ?" ಹೆಡ್‌ಮಿಸ್.

"ಪೋಸ್ಟ್ ಇಲ್ಲ ಅಂದ್ರಲ್ಲ ಮೇಡಂ."

"ಅದು ಬೇರೆ ವಿಷಯ ಸರ್. ಹೀಗೆ ಹೇಳ್ದೆ ಕೇಳ್ದೆ ತಪ್ಪಿಸ್ಕೊಂಡ್ರೆ ಹೇಗೆ? ಇಲ್ಲೊಂದು ಶಿಸ್ತು ಅಂತ ಇದೆ. ಅಧ್ಯಕ್ಷರಿಗೆ ಒಂದು ರಜೆ ಅರ್ಜಿ ಬರೆದು ಕಳಿಸಿ."

ನಾನು ಜಗಳವಾಡಬೇಕಾಗಿತ್ತು. ಆದರೆ ಅರ್ಜಿ ಎಂದ ಕೂಡಲೇ ಕೈ ತಾನಾಗಿ ಕಾಗದ ಹುಡುಕಿತು. ಇವರಿಗೆ, ಮಾನ್ಯರೇ, ತಮ್ಮ ವಿಶ್ವಾಸಿ. ಬರೆದು, ಫೋಟೋ ತೆಗೆದು ಕಳಿಸಿದೆ. ಈ ವರ್ಷ ಒಟ್ಟು ಹದಿನೇಳು ಅರ್ಜಿ ಬರೆದಿದ್ದೇನೆ. ಕಾಗದದಲ್ಲಿ ಉತ್ತರ ಬಂದದ್ದು ಇದೊಂದಕ್ಕೆ, ಅದೂ ಅವತ್ತೇ ಸಂಜೆ, ಅಧ್ಯಕ್ಷರ ಸಹಿ ಮೊಹರು ಸಮೇತ.

ಅಮ್ಮ ಕೇಳಿದಳು, "ಏನಂದ್ರೋ?"

ಓದಿ ಹೇಳಿದೆ: ‘ಒಂದು ದಿನದ ರಜೆ ಮಂಜೂರಾಗಿದೆ. ಸಂಬಳರಹಿತ.’