ಹೂಂಗುಟ್ಟುವವರು ಬೇಕಾಗಿದ್ದಾರೆ

ಬನಶಂಕರಿ: ಒಂದು ತಿಂಗಳು ಅಂದ್ರೆ ಒಂದು ತಿಂಗಳು. ಸಂಕ್ರಾಂತಿ ಮುಗಿಸ್ಕಂಡೇ ಬತ್ತೀನಿ.

ಕೇಶವಯ್ಯ: ತಂಗಿ ಮುಖ ನೋಡೋಕೆ ತಿಂಗಳು ಬೇಕಾ? ಹೋಗು, ನೋಡು, ಸಾಯಂಕಾಲದ ಬಸ್ಸಿಗೆ ಬಂದ್ಬುಡು.

ಬನಶಂಕರಿ: ತಂಗಿ ಮುಖ ನೋಡೋಕೆ ಯಾರು ಹೋಯ್ತಾವ್ರೆ? ನಾನು ಮಲಗೋಕೆ ಹೋಯ್ತಿದೀನಿ.

ಕೇಶವಯ್ಯ: ಮಲಗೋಕೆ ಕಲ್ಯಾಣದುರ್ಗಕ್ಕೆ ಹೋಗ್ಬೇಕಾ? ಹಿಂದೂಪುರದಲ್ಲಿ ಚಾಪೆ ಇಲ್ವಾ?

ಬನಶಂಕರಿ: ಚಾಪೆ ಐತೆ. ಚಾಪೆ ಪಕ್ಕದಲ್ಲಿ ನೀವೂ ಇದ್ದೀರಲ್ಲ.

ಈ ಮಾತು ನಡೆದದ್ದು ಮಾರ್ಗಶಿರದ ಒಂದು ಬೆಳಗ್ಗೆ, ಹಿಂದೂಪುರದ ನೇಕಾರರ ಬೀದಿಯಲ್ಲಿ. ಟಿವಿ ಎಂಬುದು ಊರಿನಲ್ಲಿ ಬೆರಳೆಣಿಕೆಯ ಮನೆಗಳಿಗೆ ಬಂದಿದ್ದ ಕಾಲ. ಮಿಕ್ಕವರಿಗೆಲ್ಲ ಚಳಿಗಾಲ ಬಂತೆಂದರೆ ಕತೆಯೇ ಗತಿ. ಕೇಶವಯ್ಯ ಮಗ್ಗದವನು. ಅವನು ನೇಯ್ದ ಸೀರೆಯ ಬಗ್ಗೆ ಯಾರೂ ಎರಡು ಮಾತು ಆಡುವಂತಿರಲಿಲ್ಲ. ಆದರೆ ಚಳಿಗಾಲದಲ್ಲಿ ಅವನಿಗೆ ನಿದ್ದೆ ಬರಬೇಕೆಂದರೆ ಕತೆ ಬೇಕು. ಕೇಳುವುದಕ್ಕಲ್ಲ, ಹೇಳುವುದಕ್ಕೆ. ಕಂಬಳಿ ಹೊದ್ದು, ನಿದ್ದೆ ಬಾರದ ರಾಜನ ಕತೆ ಶುರು ಮಾಡಿ, ಅದನ್ನು ತಾನೇ ಕೇಳುತ್ತ ತಾನೇ ಮಲಗಿಬಿಡುತ್ತಿದ್ದ.

ಕತೆ ಎಂದ ಮೇಲೆ ಹೂಂಗುಟ್ಟಲು ಒಬ್ಬರು ಬೇಕಲ್ಲ. ಆ ಕೆಲಸ ಮದುವೆಯಾದ ವರ್ಷದಿಂದ ಬನಶಂಕರಿಯದು. ಅವಳ ಹೂಂ ಒಂದು ಸಲ ತಪ್ಪಿತೋ, ಈ ಮಹಾರಾಯ ಎದ್ದು ಕೂರುತ್ತಿದ್ದ. ಕತೆ ಎಲ್ಲಿಗೆ ಬಂದಿತ್ತು ಎನ್ನುವುದು ಮರೆತುಹೋಗಿ ಮತ್ತೆ ‘ಒಂದೂರಿನಲ್ಲಿ’ ಎಂದು ಮೊದಲಿನಿಂದ ಹೊರಡುತ್ತಿದ್ದ. ಇದಕ್ಕೆ ಏನನ್ನಬೇಕೋ ನೀವೇ ಹೇಳಿ. ಅವನು ಮಲಗುವ ತನಕ ಅವಳು ಎಚ್ಚರ ಇರಬೇಕು. ಅವನು ಮಲಗಿದ ಮೇಲೆ ಅವಳ ನಿದ್ದೆ ಎಲ್ಲಿಗೋ ಹೊರಟುಹೋಗಿರುತ್ತಿತ್ತು.

ಬನಶಂಕರಿ: ನಿನ್ನೆ ರಾಟೆ ಮುಂದೆ ತೂಕಡಿಸಿ ನೂಲೆಲ್ಲ ಗೋಜಲು ಮಾಡ್ದೆ. ಮೊನ್ನೆ ನಿದ್ದೆಗಣ್ಣಲ್ಲಿ ಸಾರಿನ ಪುಡಿ ಅಂತ ಸೀಗೆಪುಡಿ ಹಾಕ್ಬುಟ್ಟೆ.

ಕೇಶವಯ್ಯ: ನಾನೇನಾದ್ರೂ ಅಂದ್ನಾ?

ಬನಶಂಕರಿ: ಎಲ್ಲಿ ಅಂದ್ರಿ? ಎರಡು ಸಲ ಬಡಿಸ್ಕಂಡ್ರಿ.

ಕೇಶವಯ್ಯ: ಅದಕ್ಕೇ ನೊರೆ ಬತ್ತಿತ್ತು.

ಅವನು ಸ್ವಲ್ಪ ಹೊತ್ತು ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಂಡು ಆ ಸಾರನ್ನು ನೆನೆದ. ಆಮೇಲೆ ಹೊಸ ವಾದ ಹೂಡಿದ. ಇಷ್ಟು ವರ್ಷ ಇಲ್ಲದ ತೊಂದರೆ ಈಗ ಎಲ್ಲಿಂದ ಬಂತು, ಮೊದಲೇ ಯಾಕೆ ಬಾಯಿ ಬಿಡಲಿಲ್ಲ ಎಂದ.

ಬನಶಂಕರಿ: ಬಾಯಿ ಬಿಟ್ಟಾಗೆಲ್ಲ ಹೂಂ ಅಂತಾನೇ ಅಂದೆ. ಬೇರೆ ಮಾತಾಡೋಕೆ ಎಲ್ಲಿ ಜಾಗ ಕೊಟ್ರಿ?

ಕೇಶವಯ್ಯ: ಹೋಗ್ಲಿ ಕಣೆ. ನೀನು ಹೋದ್ರೆ ನನಗೆ ಹೂಂ ಅನ್ನೋರು ಯಾರು? ಅದನ್ನ ಹೇಳ್ಬುಟ್ಟು ಹೋಗು.

ಪ್ರಶ್ನೆ ಸುಳ್ಳಲ್ಲ. ಹಿಂದೊಮ್ಮೆ ಅವಳು ಯಾರದೋ ಮದುವೆಗೆಂದು ಲೇಪಾಕ್ಷಿಗೆ ಹೋಗಿ ಅಲ್ಲೇ ಉಳಿದಾಗ ಕೇಶವಯ್ಯ ರೇಡಿಯೋಗೆ ಕತೆ ಹೇಳಿ ನೋಡಿದ್ದ. ರೇಡಿಯೋ ತನ್ನ ಪಾಡಿಗೆ ಕಡಲೆಕಾಯಿ ಬೆಳೆಗೆ ಗೊಬ್ಬರ ಹಾಕುವುದನ್ನು ಹೇಳುತ್ತಿತ್ತು. ಬೆಕ್ಕಿಗೆ ಹೇಳಿದ, ರಾಜನ ಹೆಸರು ಬರುವ ಮೊದಲೇ ಬೆಕ್ಕು ಎದ್ದು ಹೋಯಿತು. ಕೊನೆಗೆ ಕಂಬಳಿ ಸುತ್ತಿಕೊಂಡು ಹೋಗಿ ಹುಣಸೆಹಣ್ಣಿನ ಮಂಡಿಯ ವಾಚ್‌ಮನ್‌ಗೆ ಹೇಳಿದ. ವಾಚ್‌ಮನ್ ಸುಖವಾಗಿ ಮಲಗಿಬಿಟ್ಟ. ಬೆಳಗಿನ ತನಕ ಮಂಡಿ ಕಾದದ್ದು ಕೇಶವಯ್ಯ.

ಬನಶಂಕರಿ ಅದಕ್ಕೂ ದಾರಿ ಹುಡುಕಿಟ್ಟಿದ್ದಳು. ಎದುರು ಮನೆಯ ಕದಿರಣ್ಣ ಇದ್ದಾನಲ್ಲ. ಕೇಶವಯ್ಯನ ಜೊತೆ ಗೋಲಿ ಆಡಿ ಬೆಳೆದವನು, ಅದೇ ಮಂಡಿಯಲ್ಲಿ ದಲ್ಲಾಳಿ. ಒಂದು ತಿಂಗಳು ಇಲ್ಲೇ ಬಂದು ಮಲಗಲಿ, ಹೂಂ ಅನ್ನಲಿ. ಅದಕ್ಕೇನು ಓದಿರಬೇಕಾ, ಬರೆದಿರಬೇಕಾ ಎಂದಳು. ಹನ್ನೆರಡರ ಬಸ್ಸಿಗೆ ಇನ್ನೂ ಹೊತ್ತಿತ್ತು. ಈಗಲೇ ಒಂದು ಸಲ ಪರೀಕ್ಷೆ ಆಗಿಬಿಡಲಿ, ಪಾಸಾದರೆ ತಾನು ಹೊರಡುವುದು ಎಂದು ಹೇಳಿ, ಬಾಗಿಲಿಗೆ ಬಂದು ಕದಿರಣ್ಣನನ್ನು ಕೂಗಿ ಕರೆದಳು.

ಕದಿರಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ಬನಶಂಕರಿ ಕಿಟಕಿ ಮುಚ್ಚಿ ಕತ್ತಲೆ ಮಾಡಿದಳು. ಹೊರಗೆ ಬಿಸಿಲು ಬಿದ್ದಿದ್ದರೂ ಕೇಶವಯ್ಯ ಚಾಪೆಯ ಮೇಲೆ ಮಲಗಿ ಕಂಬಳಿಯನ್ನು ಗಲ್ಲದ ತನಕ ಎಳೆದುಕೊಂಡ. ಅವಳು ಬುತ್ತಿ ಕಟ್ಟಿಕೊಳ್ಳಲು ಅಡುಗೆಮನೆಗೆ ಹೋದಳು.

ಕೇಶವಯ್ಯ: ಒಂದೂರಿನಲ್ಲಿ ಒಬ್ಬ ರಾಜ ಇದ್ದ.

ಕದಿರಣ್ಣ: ಚೂದ್ದಾಂ.

ಕೇಶವಯ್ಯ ಕಣ್ಣು ಬಿಟ್ಟ. ಮಂಡಿಯಲ್ಲಿ ನಡೆಯುವುದೆಲ್ಲ ತೆಲುಗು. ನೋಡೋಣ ಅನ್ನುವುದಕ್ಕೆ ಅಲ್ಲಿ ಚೂದ್ದಾಂ ಅನ್ನುತ್ತಾರೆ, ಅದು ಅವನಿಗೂ ಗೊತ್ತು. ಆದರೆ ರಾಜ ಇದ್ದ ಅಂದರೆ ನೋಡೋಣ ಅನ್ನುವುದು ಯಾವ ಸೀಮೆಯ ಮರ್ಯಾದೆ?

ಕೇಶವಯ್ಯ: ಹೂಂ ಅನ್ಬೇಕು ಕಣ್ಲಾ.

ಕದಿರಣ್ಣ: ಅದೊಂದು ಬಿಟ್ಟು ಬೇರೇನಾದ್ರೂ ಕೇಳು. ಮಂಡೀಲಿ ಹೂಂ ಅಂದ್ರೆ ಮಾಲು ನಮ್ದಾಗೋಯ್ತದೆ. ಬಾಯಿಗೆ ಬರಲ್ಲ ಕಣಪ್ಪ. ನನ್ನ ಮದುವೇಲೇ ನಾನು ಹೂಂ ಅಂದಿಲ್ಲ. ಚೂದ್ದಾಂ ಅಂದೆ, ಅಷ್ಟರಲ್ಲಿ ತಾಳಿ ಕಟ್ಟಿಸ್ಬುಟ್ರು.

ಕೇಶವಯ್ಯ: ಇಲ್ಲಿ ಯಾವ ಮಾಲೂ ಇಲ್ಲ. ಬರೀ ರಾಜ. ಆ ರಾಜನಿಗೆ ಏಳು ಜನ ಹೆಂಡ್ತೀರು.

ಕದಿರಣ್ಣ: ಏಳು ಜಾಸ್ತಿ ಆಯ್ತು.

ಕೇಶವಯ್ಯ: ಏನಂದೆ?

ಕದಿರಣ್ಣ: ಐದಕ್ಕೆ ಮಾಡ್ಕ.

ಕೇಶವಯ್ಯ ಒಂದು ಮೊಣಕೈ ಊರಿ ಮೇಲೆದ್ದ. ಇದು ನಮ್ಮ ಅಜ್ಜಿಯ ಕಾಲದಿಂದ ಬಂದ ಲೆಕ್ಕ, ಏಳು ಜನ ಅಂದರೆ ಏಳು ಜನ ಎಂದ. ಅದಕ್ಕೆ ಕದಿರಣ್ಣ ಸಮಾಧಾನದಿಂದಲೇ, ನಿಮ್ಮ ಅಜ್ಜಿ ಚಿಲ್ಲರೆ ರೇಟು ಹೇಳಿದ್ದಾರೆ, ಇಷ್ಟು ಹಳೇ ಮಾಲಿಗೆ ಅಷ್ಟು ಯಾರೂ ಕೊಡುವುದಿಲ್ಲ ಎಂದ. ಮತ್ತೆ, ಹೆಂಡತಿಯರ ಲೆಕ್ಕವನ್ನು ಬೀದಿಗೆ ಕೇಳುವ ಹಾಗೆ ಆಡಬಾರದು, ಕೈ ಕೊಡು ಎಂದು ಹೆಗಲ ಮೇಲಿನ ಟವೆಲ್ ತೆಗೆದು ಕೇಶವಯ್ಯನ ಕೈ ಮೇಲೆ ಹಾಸಿದ. ಮಂಡಿಯಲ್ಲಿ ದಲ್ಲಾಳಿಗಳು ಬೇರೆಯವರಿಗೆ ರೇಟು ಗೊತ್ತಾಗದಂತೆ ಬಟ್ಟೆಯ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಅದೇ ಪದ್ಧತಿ. ಕೇಶವಯ್ಯ ಬೇಡ ಬೇಡ ಅನ್ನುತ್ತಲೇ ಬೆರಳು ಕೊಟ್ಟ. ಟವೆಲ್ಲಿನ ಕೆಳಗೆ ರಾಜನ ರಾಣೀವಾಸ ಅಲ್ಲಾಡತೊಡಗಿತು.

ಬನಶಂಕರಿ (ಅಡುಗೆಮನೆಯಿಂದ): ಎಷ್ಟಕ್ಕೆ ಬಂತು ಕದಿರಣ್ಣ?

ಕದಿರಣ್ಣ: ಹೇಳೋ ಹಾಗಿಲ್ಲ ತಂಗ್ಯಮ್ಮ. ಯಾಪಾರ.

ಬನಶಂಕರಿ: ನಾಲ್ಕಕ್ಕೇ ಮುಗಿಸ್ಬುಡು. ಐದನೇ ಹೆಂಡ್ತಿ ತನಕ ಇವರು ಯಾವತ್ತೂ ಹೋಗಿಲ್ಲ.

ಇದೂ ನಿಜವೇ. ಕತೆಯಲ್ಲಿ ರಾಜನಿಗೆ ಚಳಿಗೆ ನಿದ್ದೆ ಬರುವುದಿಲ್ಲ. ಹೆಂಡತಿಯರು ಒಬ್ಬೊಬ್ಬರಾಗಿ ಬಂದು ಒಂದೊಂದು ಕಂಬಳಿ ಹೊದಿಸಿ ಹೋಗುತ್ತಾರೆ. ನಾಲ್ಕನೆಯವಳು ಹೊದಿಸುವ ಹೊತ್ತಿಗೆ ಕೇಶವಯ್ಯನಿಗೆ ಗೊರಕೆ. ಉಳಿದ ಮೂವರು ಇಷ್ಟು ವರ್ಷದಿಂದ ಕಂಬಳಿ ಹಿಡಿದುಕೊಂಡು ಬಾಗಿಲ ಆಚೆಯೇ ನಿಂತಿದ್ದಾರೆ.

ಕೇಶವಯ್ಯ: ಆಯ್ತು ಕಣಪ್ಪ, ಐದೇ ಜನ. ಈಗ ಬಾಯಿ ಮುಚ್ಕಂಡು ಕೇಳು. ಮೊದಲನೇ ಹೆಂಡ್ತಿ ಬಂದು ಕುಂದುರ್ಪಿ ಕಡೇ ಕುರಿ ಉಣ್ಣೆ ಕಂಬಳಿ ಹೊದಿಸಿದ್ಲು.

ಕದಿರಣ್ಣ: ಹೊಸದಾ, ಒಗೆದಿದ್ದಾ?

ಕೇಶವಯ್ಯ: ಹೊಸದು.

ಕದಿರಣ್ಣ: ಹೊಸದು ಚುಚ್ಚುತ್ತೆ. ರಾಜನಿಗೆ ಅದಕ್ಕೇ ನಿದ್ದೆ ಬಂದಿಲ್ಲ ಕಣ್ಲಾ. ಚಳೀದು ತಪ್ಪಲ್ಲ.

ಕೇಶವಯ್ಯ: ಎರಡನೆಯವಳು ಬಂದು ಇನ್ನೊಂದು ಹೊದಿಸಿದ್ಲು.

ಕದಿರಣ್ಣ: ಅದರ ಮೇಲೇನಾ? ತಡಿ ತಡಿ. ಐದು ಕಂಬಳಿ ಹೊದಿಸಿದ್ರೆ ರಾಜ ಉಸಿರು ಕಟ್ಟಿ ಹೋಗ್ಬುಡ್ತಾನೆ. ಕಂಬಳಿ ಎರಡೇ ಸಾಕು.

ಕೇಶವಯ್ಯ: ಹೆಂಡ್ತೀರು ಐದು, ಕಂಬಳಿ ಎರಡು. ಮಿಕ್ಕ ಮೂರು ಜನ ಏನ್ಮಾಡ್ಬೇಕು?

ಕದಿರಣ್ಣ: ಅದಕ್ಕೇ ನಾನು ಟವೆಲ್ ಕೆಳಗೆ ಎರಡೇ ಬೆರಳು ಹಿಡಿದಿದ್ದು, ಹೆಂಡ್ತೀರೂ ಎರಡು ಸಾಕು ಅಂತ.

ಕೇಶವಯ್ಯ ಕಂಬಳಿ ಒದ್ದು ಎದ್ದು ನಿಂತ. ಆ ಚಳಿಯಲ್ಲೂ ಹಣೆಯ ಮೇಲೆ ಬೆವರು. ನಿದ್ದೆ ಎನ್ನುವುದು ಅವನ ಮುಖದಲ್ಲಿ ಎಲ್ಲೂ ಇರಲಿಲ್ಲ. ತನ್ನ ಅಜ್ಜಿ, ಅಜ್ಜಿಯ ಅಜ್ಜಿ, ರಾಜ, ರಾಜ್ಯ ಎಲ್ಲವನ್ನೂ ಹುಣಸೆಹಣ್ಣಿನ ಹಾಗೆ ತೂಗಿ ಮಾರಿಬಿಟ್ಟೆ ಎಂದು ಕದಿರಣ್ಣನ ಮೇಲೆ ರೇಗಾಡಿದ. ಕದಿರಣ್ಣ ತಾನು ನ್ಯಾಯವಾಗಿಯೇ ನಡೆದುಕೊಂಡೆ, ಬೇಕಾದರೆ ಬೇರೆ ದಲ್ಲಾಳಿಯನ್ನು ಕೇಳು ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಇಷ್ಟೆಲ್ಲ ಆದಮೇಲೆ ಕೇಶವಯ್ಯ ಅಡುಗೆಮನೆಯ ಕಡೆ ತಿರುಗಿದ. ಅವನ ಮುಖದಲ್ಲಿ ಗೆದ್ದವನ ಕಳೆ ಬಂದಿತ್ತು.

ಕೇಶವಯ್ಯ: ನೋಡಿದ್ಯಾ? ಇವನು ಫೇಲು. ಇನ್ನು ನೀನು ಹೋಗೋ ಮಾತು ಬಿಡು.

ಬನಶಂಕರಿ ಬುತ್ತಿ ಹಿಡಿದು ಬಂದು ಕಂಬಕ್ಕೆ ಒರಗಿ ಕೂತಳು. ಅವಳು ಜಗಳಕ್ಕೆ ಬಂದವಳ ಹಾಗೆ ಕಾಣಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಬನಶಂಕರಿ: ನನಗೆ ನಿಮ್ಮ ಮೇಲೆ ಕೋಪ ಇಲ್ಲ ಕಣ್ರೀ. ನಿಮ್ಮ ರಾಜನ ಮೇಲೂ ಇಲ್ಲ. ಒಂದು ಚಳಿಗಾಲ ಯಾರಿಗೂ ಹೂಂ ಅನ್ನದೆ ಮಲಗ್ಬೇಕು. ದೀಪ ಆರಿಸಿದ್ರೆ ಬೆಳಗಾಗೋ ತನಕ ಯಾರೂ ಏನೂ ಕೇಳ್ಬಾರ್ದು. ಅಷ್ಟೇ ನನ್ನ ಆಸೆ.

ಕೇಶವಯ್ಯ ಅವಳ ಮುಖವನ್ನೇ ನೋಡುತ್ತ ನಿಂತ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಇವಳು ನಿದ್ದೆ ಮಾಡಿದ್ದನ್ನು ತಾನು ಒಂದು ಸಲವೂ ನೋಡಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಅದನ್ನು ಬಾಯಿ ಬಿಟ್ಟು ಹೇಳಿಯೂ ಹೇಳಿದ. ಹೇಳಿ ನಾಚಿಕೊಂಡು ಚಾಪೆಯ ಅಂಚಿನಲ್ಲಿ ಕೂತ.

ಕೇಶವಯ್ಯ: ಹಿಂಗ್ ಮಾಡಾನ. ಇವತ್ತಿಂದ ಕತೆ ನೀನು ಹೇಳು. ಹೂಂ ನಾನು ಅಂತೀನಿ. ಹೇಳ್ತಾ ಹೇಳ್ತಾ ನಿನಗೆ ನಿದ್ದೆ ಬಂದ್ಬುಡ್ತದೆ, ನನಗೆ ಬರೋ ಹಾಗೆ. ಕಲ್ಯಾಣದುರ್ಗ ಯಾಕೆ?

ಬನಶಂಕರಿ: ನನಗೆ ಕತೆ ಎಲ್ಲಿ ಬತ್ತದೆ?

ಕೇಶವಯ್ಯ: ಎಲ್ಲಾರ್ಗೂ ಬತ್ತದೆ. ಬಾಯಿಗೆ ಬಂದದ್ದು ಹೇಳು. ನಾನು ಮಧ್ಯ ಬಾಯಿ ಹಾಕಿದ್ರೆ ಕೇಳು.

ಬನಶಂಕರಿ: ತಪ್ಪದೆ ಹೂಂ ಅಂತೀರಾ?

ಕೇಶವಯ್ಯ: ಅಜ್ಜಿ ಮೇಲೆ ಆಣೆ.

ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಕದಿರಣ್ಣನೂ ಹೊಸ ಮಾಲು ಹೇಗಿದೆಯೋ ನೋಡುವ ಎಂದು ಹತ್ತಿರ ಸರಿದು ಕೂತ.

ಬನಶಂಕರಿ: ಒಂದೂರಿನಲ್ಲಿ ಒಬ್ಬ ರಾಣಿ ಇದ್ಲು.

ಕೇಶವಯ್ಯ: ಹೂಂ.

ಬನಶಂಕರಿ: ಒಂದು ದಿನ ಬುತ್ತಿ ಕಟ್ಕಂಡ್ಲು.

ಕೇಶವಯ್ಯ: ಹೂಂ.

ಬನಶಂಕರಿ: ಮೂಲೇಲಿದ್ದ ಬ್ಯಾಗು ತಗಂಡ್ಲು.

ಕೇಶವಯ್ಯ: ಹೂಂ.

ಹೇಳುತ್ತಲೇ ಅವಳು ಎದ್ದು ಬ್ಯಾಗು ತೆಗೆದುಕೊಂಡಳು. ಆಣೆ ಇಟ್ಟವನು ಬೇರೆ ಏನು ಮಾಡುತ್ತಾನೆ, ಕತ್ತು ತಿರುಗಿಸಿ ಅವಳು ಹೋದ ಕಡೆಗೆಲ್ಲ ಹೂಂ ಅನ್ನುತ್ತಿದ್ದ.

ಬನಶಂಕರಿ: ಬಸ್ ಹತ್ತಿ ಕಲ್ಯಾಣದುರ್ಗಕ್ಕೆ ಹೋಗಿ, ತಂಗಿ ಮನೇಲಿ ಒಂದು ತಿಂಗಳು ಮಲಗಿದ್ಲು.

ಕೇಶವಯ್ಯ: ಹೂಂ.

ಕದಿರಣ್ಣ: ತಿಂಗಳು ಜಾಸ್ತಿ ಆಯ್ತು ತಂಗ್ಯಮ್ಮ. ಹದಿನೈದು ದಿನಕ್ಕೆ ಮಾಡ್ಕ.

ಬನಶಂಕರಿ: ಇದು ಫಿಕ್ಸೆಡ್ ರೇಟು ಕಣಣ್ಣ.

ಕದಿರಣ್ಣ ಟವೆಲ್ಲಿಗೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬನಶಂಕರಿ ಹೊಸಿಲು ದಾಟಿ ಚಪ್ಪಲಿ ಮೆಟ್ಟಿದಳು. ಕೇಶವಯ್ಯ ಚಾಪೆಯಿಂದ ಏಳಲೂ ಆಗದೆ, ಕೂರಲೂ ಆಗದೆ ಬಾಗಿಲ ಕಡೆ ನೋಡಿದ.

ಕೇಶವಯ್ಯ: ತಡಿ ಕಣೆ, ಕತೆ ಮುಗೀಲಿಲ್ಲ. ಇಲ್ಲಿ ರಾಜ ಏನ್ಮಾಡ್ದ?

ಬನಶಂಕರಿ: ಅದು ನನಗೇನು ಗೊತ್ತು? ನಾನು ರಾಣಿ ಜೊತೆ ಬಸ್ಸಲ್ಲಿ ಹೊರಟೋಗಿದ್ನಲ್ಲ.