ಕಾಕಾನ ಡೇಂಜರ್ ಇಂಗ್ಲಿಷ್

ನಮ್ಮ ಕಾಕಾನಿಗೆ ಇಂಗ್ಲಿಷ್ ಬರುತ್ತಿತ್ತು. ಎಷ್ಟು ಬರುತ್ತಿತ್ತು ಎಂದು ಕೇಳಿದರೆ, ಒಂದು ಶಬ್ದ. ನಗಬೇಡಿ! ಕಾಲೇಜಿನಲ್ಲಿ ನನಗೆ ರಾಶಿಗಟ್ಟಲೆ ಶಬ್ದ ಕಲಿಸಿದ್ದರು. ಆದರೂ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ದಾರಿ ಕೇಳಿದಾಗ ನನ್ನ ಬಾಯಿಂದ ಒಂದೂ ಹೊರಡಲಿಲ್ಲ. ಕಾಕಾ ಮಾತ್ರ ತನ್ನ ಒಂದೇ ಶಬ್ದದಲ್ಲಿ ಎತ್ತು, ಚಟ್ನಿ, ಮಳೆ, ಭಜನೆ ಎಲ್ಲವನ್ನೂ ಹೊಗಳಿ ಮುಗಿಸುತ್ತಿದ್ದ. ಆ ಶಬ್ದ ‘ಡೇಂಜರ್’.

ಹೌದು, ಹೊಗಳುವುದಕ್ಕೇ.

ಇದರ ಮೂಲ ಅವನ ಹೊಲದ ಬದುವಿನಲ್ಲಿದೆ. ಎಂಬತ್ತನೇ ಇಸವಿಯ ಆಚೀಚೆ ನವಲಗುಂದದ ಕಡೆಯ ನಮ್ಮ ಹೊಲಗಳಿಗೆ ಕರೆಂಟು ಬಂದಾಗ, ಟ್ರಾನ್ಸ್‌ಫಾರ್ಮರು ಕಾಕಾನ ಹೊಲದ ಬಾಜುವಿಗೇ ಬಂದು ನಿಂತಿತು. ಅದರ ಕಂಬಕ್ಕೊಂದು ಕೆಂಪು ಹಲಗೆ.

“ಅದರ ಮ್ಯಾಲ ಏನ್ ಬರದೈತ್ರಿ ಸಾಹೇಬ್ರ?” ಎಂದು ಕೆಳಗಿನಿಂದ ಕಾಕಾ ಕೇಳಿದ.

“ಡೇಂಜರ್ ಅಂತ ಐತಿ” ಎಂದ ಕಂಬದ ಮೇಲಿದ್ದ ಲೈನ್‌ಮನ್.

“ಹಂಗಂದ್ರ?”

ಎರಡೂ ಕೈಯಲ್ಲಿ ತಂತಿ ಹಿಡಿದವನಿಗೆ ವಿವರಿಸುವ ಪುರುಸೊತ್ತೆಲ್ಲಿ? “ಭಾರೀ ಪವರ್ ಐತಿ ಅಂದಂಗ” ಎಂದುಬಿಟ್ಟ. ಕಾಕಾನ ಇಂಗ್ಲಿಷ್ ವಿದ್ಯಾಭ್ಯಾಸ ಅಲ್ಲಿಗೆ ಸಂಪೂರ್ಣವಾಯಿತು. ಹಲಗೆಯ ಮೇಲೆ ತಲೆಬುರುಡೆಯ ಚಿತ್ರ ಇತ್ತಲ್ಲ, ಅದನ್ನು ನೋಡಲಿಲ್ಲವೇ ಎಂದು ಮುಂದೊಮ್ಮೆ ನಾನು ಕೇಳಿದೆ. “ನೋಡಿದೆ. ಕಂಪನಿ ಮುದ್ರಿ ಇರಬೇಕು ಅಂದ್ಕೊಂಡೆ” ಎಂದ.

ಅವತ್ತು ಊಟಕ್ಕೆ ಕೂತವನು ಅಕ್ಕ ಕುಟ್ಟಿದ ಕೆಂಪು ಚಟ್ನಿಯನ್ನು ನಾಲಿಗೆಗೆ ಹಚ್ಚಿದ. ಕಣ್ಣಲ್ಲಿ ನೀರು ಬಂತು. “ಡೇಂಜರ್ ಆಗೇತಿ ನೋಡವಾ” ಎಂದ. ಅವತ್ತಿನಿಂದ ಆ ಶಬ್ದಕ್ಕೆ ಬಿಡುವೇ ಸಿಗಲಿಲ್ಲ. ನನಗೆ ದಿನಚರಿ ಬರೆಯುವ ಚಟ. ಮಳೆ ಬಿದ್ದ ವಾರ, ಬಸ್ಸು ಕೈಕೊಟ್ಟ ದಿನ ಇವುಗಳ ಜೊತೆಗೆ ಕಾಕಾ ಯಾವುದಕ್ಕೆ ಡೇಂಜರ್ ಎಂದ ಎಂಬುದನ್ನೂ ಬರೆದಿಡತೊಡಗಿದೆ. ಎತ್ತು ಡೇಂಜರ್ ಎಂದರೆ ಗಟ್ಟಿ. ಮಳೆ ಡೇಂಜರ್ ಎಂದರೆ ಹದ. ಹತ್ತಿ ಡೇಂಜರ್ ಎಂದರೆ ಎಳೆ ಉದ್ದ. ಕಲಘಟಗಿ ಕಡೆಯಿಂದ ಬಂದ ಭಜನೆಯವರು ಡೇಂಜರ್ ಎಂದರೆ ಬೆಳಗಾಗುವವರೆಗೂ ಅವರ ಕಂಠ ಬಿದ್ದಿರಲಿಲ್ಲ ಎಂದರ್ಥ.

ಊರಿನವರಿಗೆ ಇದು ರೂಢಿಯಾಗಿ ಹೋಯಿತು. ತೊಂದರೆಯೆಲ್ಲ ಊರ ಹೊರಗೆ. ಒಮ್ಮೆ ನವಲಗುಂದದಲ್ಲಿ ಜಮಖಾನ ಕೊಳ್ಳಲು ಹೋದವನು, ನೇಯುತ್ತಿದ್ದ ಅಜ್ಜಿಯ ಮುಂದೆ ಒಂದನ್ನು ಸವರಿ ನೋಡಿ “ಅಗದಿ ಡೇಂಜರ್ ಐತಿ ಬಿಡ್ರಿ ಯವ್ವಾ” ಎಂದ.

ಅಜ್ಜಿ ತಲೆ ಎತ್ತಲಿಲ್ಲ. “ಯಾಕ್ರಿ, ಕಡೀತೇನ್ರಿ?” ಎಂದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಅಷ್ಟರಲ್ಲಿ ಅಕ್ಕನನ್ನು ನೋಡಲು ಶಲವಡಿಯಿಂದ ಗಂಡಿನ ಕಡೆಯವರು ಬಂದರು. ಅವ್ವ ತೀರಿಕೊಂಡ ಮೇಲೆ ಮನೆಯ ಒಲೆ ಅಕ್ಕನ ಕೈಯಲ್ಲೇ ಇತ್ತು. ಕಾಕಾ ಮದುವೆಯಾದವನಲ್ಲ, ನಮ್ಮ ಜೊತೆಗೇ ಇದ್ದವನು. ಹಿಂದಿನ ಎರಡು ಸಂಬಂಧ ಮಾತುಕತೆಯಲ್ಲೇ ತಪ್ಪಿದ್ದವು. ಈ ಹುಡುಗ ಅಕ್ಕನ ಮನಸ್ಸಿಗೆ ಬಂದಿದ್ದ. ಬಾಗಿಲ ಸಂದಿಯಿಂದ ಅವಳು ನೋಡುತ್ತಿದ್ದ ರೀತಿಯಲ್ಲೇ ನನಗೆ ಅದು ಗೊತ್ತಾಗಿತ್ತು.

ಹುಡುಗ, ಅವನ ತಾಯಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಸೋದರಮಾವ, ಮೂವರೂ ಅವಲಕ್ಕಿ ತಟ್ಟೆ ಹಿಡಿದು ಕೂತಿದ್ದರು. ಅಪ್ಪನಿಗೆ ಮಾತು ಕಡಿಮೆ. ಕಾಕಾ ಮುಂದೆ ಬಂದ.

“ನಾವ ಸಾಕಿದ ಹುಡುಗಿ, ನಾವ ಹೇಳಬಾರದು. ಆದರೂ ಹೇಳ್ತೀನ್ರಿ. ಭಾರೀ ಡೇಂಜರ್ ಅದಾಳ.”

ಹುಡುಗನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಸೋದರಮಾವ ಕನ್ನಡಕ ಸರಿಪಡಿಸಿಕೊಂಡರು. ಅವರ ಮುಖ ಬದಲಾದದ್ದು ಕಂಡು ಕಾಕಾ ಧೈರ್ಯ ಹೇಳಲು ಹೋದ: “ಅಡಿಗಿ ಅಂತೂ ಹೇಳೂದ ಬ್ಯಾಡ್ರಿ, ಇನ್ನೂ ಡೇಂಜರ್. ಈ ಅವಲಕ್ಕಿನೂ ಅಕೀನ ಮಾಡ್ಯಾಳ.”

ಮೂರೂ ತಟ್ಟೆಗಳು ಮೆಲ್ಲಗೆ ನೆಲ ಮುಟ್ಟಿದವು. “ಆಮ್ಯಾಲ ಹೇಳಿ ಕಳಸ್ತೀವ್ರಿ” ಎಂದು ಎದ್ದು ಹೋದರು. ವಾರ ಕಳೆದರೂ ಸುದ್ದಿ ಬರಲಿಲ್ಲ. ಅಕ್ಕನ ಚಟ್ನಿಗೆ ದಿನಾ ಉಪ್ಪು ತಪ್ಪತೊಡಗಿತು. ಕಾಕಾ ಅದನ್ನು ಬಾಯಿ ಮುಚ್ಚಿಕೊಂಡು ತಿಂದ.

ಅವನ ತಪ್ಪನ್ನು ಪುರಾವೆ ಸಮೇತ ತೋರಿಸಿ ಆ ಶಬ್ದವನ್ನೇ ಬಿಡಿಸಬೇಕೆಂದು ನಾನು ಕಾಲೇಜಿನ ದಪ್ಪ ನಿಘಂಟು ತೆಗೆದೆ. ತೆಗೆದು ಪೇಚಿಗೆ ಸಿಕ್ಕಿದೆ. ಲ್ಯಾಟಿನ್ನಿನಲ್ಲಿ ಒಡೆಯನಿಗೆ ‘ಡೋಮಿನಸ್’ ಎನ್ನುತ್ತಾರಂತೆ. ಅದರಿಂದ ಹಳೆಯ ಫ್ರೆಂಚಿನಲ್ಲಿ ಒಡೆತನ, ಅಧಿಕಾರ, ಅಂದರೆ ಲೈನ್‌ಮನ್ ಹೇಳಿದ ‘ಪವರ್’ ಎಂಬ ಅರ್ಥದ ಮಾತೊಂದು ಹುಟ್ಟಿ, ಅದು ಇಂಗ್ಲಿಷಿಗೆ ಬಂದು ‘ಡೇಂಜರ್’ ಆಗಿತ್ತು. ಒಬ್ಬರ ಡೇಂಜರಿನಲ್ಲಿ ಇರುವುದು ಎಂದರೆ ಅವರ ಕೈಯೊಳಗೆ ಇರುವುದು. ಒಡೆಯರ ಕೈಯೊಳಗೆ ಇದ್ದವರ ಪಾಡು ಕೇಳಬೇಕೆ? ಬರಬರುತ್ತ ಒಡೆತನ ಮರೆತುಹೋಗಿ ಹೆದರಿಕೆಯೊಂದೇ ಉಳಿಯಿತು.

“ಕಾಕಾ, ಐದಾರುನೂರು ವರ್ಷದ ಹಿಂದ ನಿನ್ನ ಮಾತು ಸ್ವಲ್ಪ ಖರೆ ಇತ್ತು” ಎಂದೆ.

“ಅಂದ್ರ ನಾ ತಪ್ಪಿಲ್ಲ. ಇಂಗ್ಲಿಷಿನವರು ದಾರಿ ಬಿಟ್ಟು ಹೋಗ್ಯಾರ” ಎಂದ ಕಾಕಾ. ಎದ್ದು ಟೊಪ್ಪಿಗೆ ಹಾಕಿಕೊಂಡ. “ಇದನ್ನ ಶಲವಡಿಯವರಿಗಿ ತಿಳಿಸಿ ಹೇಳೂಣು, ನಡಿ ಲೇ.”

ಮಧ್ಯಾಹ್ನದ ಹೊತ್ತಿಗೆ ಅವರ ಪಡಸಾಲೆಯಲ್ಲಿ ಕೂತೆವು. ಸೋದರಮಾವನವರೂ ಅಲ್ಲೇ ಇದ್ದರು. ನಾನು ಲ್ಯಾಟಿನ್ ಶುರು ಮಾಡಿದೆ. ಅವರು ಹುರುಪಿನಿಂದ ವ್ಯಾಕರಣ ತೆಗೆದರು. ನಾನು ಫ್ರೆಂಚಿಗೆ ಹೋದೆ, ಅವರೂ ಬೆನ್ನು ಬಿಡಲಿಲ್ಲ. ಒಂದಕ್ಷರ ತಿಳಿಯದ ಕಾಕಾ ಇಬ್ಬರಿಗೂ ತಲೆಯಾಡಿಸುತ್ತಿದ್ದ. ಮಜ್ಜಿಗೆ ತಂದ ಹುಡುಗನ ತಾಯಿ ನಡುವೆ ಚೊಂಬು ಕುಕ್ಕಿದರು.

“ಸಾಕು ಮಾಡೋ ಅಣ್ಣಾ. ಅವರ ಭಾಷಾ ಅವರಿಗಿರಲಿ.” ಕಾಕಾನ ಕಡೆ ತಿರುಗಿದರು. “ನೀವು ಹೇಳ್ರಿ. ಹುಡುಗಿ ಹೆಂಗದಾಳ? ಕನ್ನಡದಾಗ ಹೇಳ್ರಿ.”

ಕಾಕಾ ಬಾಯಿ ತೆರೆದ. ಇಷ್ಟು ವರ್ಷ ಎಲ್ಲದಕ್ಕೂ ಒಂದೇ ಶಬ್ದ ದುಡಿದಿತ್ತು. ಈಗ ಅದನ್ನು ಬಿಟ್ಟರೆ ಅವನ ಬಳಿ ಬೇರೊಂದು ಇರಲಿಲ್ಲ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಹೆಂಗಂತ ಹೇಳ್ಲಿರಿ… ನಾ ಹೊಲದಿಂದ ಬರೂತನಾ ಅಕಿ ಉಣ್ಣಂಗಿಲ್ರಿ. ಎಷ್ಟು ಬೈದ್ರೂ ಕೇಳಂಗಿಲ್ಲ, ಹಸದ ಕುಂತಿರತಾಳ. ಅದಕ್ಕ ನಾ ಎಲ್ಲೂ ನಿಂದರಂಗಿಲ್ರಿ. ಯಾರ ಕರದ್ರೂ ನಿಂದರಂಗಿಲ್ಲ. ಲಗೂ ಲಗೂ ಮನಿಗಿ ಬರ್ತೀನಿ.”

ಸೋದರಮಾವ ಕನ್ನಡಕ ತೆಗೆದು ಒರೆಸಿಕೊಂಡರು. ತಾಯಿ ಚೊಂಬಿನಿಂದ ಕಾಕಾನಿಗೆ ಮಜ್ಜಿಗೆ ಬಗ್ಗಿಸಿಕೊಟ್ಟರು.

“ಬರೋ ಸೋಮವಾರ ಬಂದು ಮಾತು ಮುಗಸ್ತೀವಿ” ಎಂದರು. ಆಮೇಲೆ ಮೆಲ್ಲಗೆ, “ಅಕೀನ್ನ ನಾವು ಕರಕೊಂಡು ಬಂದ ಮ್ಯಾಲ ನೀವು ಯಾರ ಸಲುವಾಗಿ ಲಗೂ ಮನಿಗಿ ಬರ್ತೀರಿ?”

ಸಂಬಂಧ ತಪ್ಪಿದರೆ ಹೇಗೆ ಎಂದು ಕಾಕಾ ದಾರಿಯುದ್ದಕ್ಕೂ ಚಿಂತಿಸಿದ್ದ. ಕೂಡಿ ಬಂದರೆ ಹೇಗೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ಅವನ ಮುಖದಲ್ಲಿ ನನಗದು ಕಾಣಿಸಿತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಉಂಡೇ ಹೋಗಬೇಕು ಎಂದು ಅವರು ತಾಟು ತರಿಸಿದರು.

ಕಾಕಾ ಟೊಪ್ಪಿಗೆ ಹಾಕಿಕೊಂಡು ಎದ್ದುಬಿಟ್ಟ.

“ಇವತ್ತ ಒಲ್ಲೆನ್ರಿ ಯವ್ವಾ. ಅಕಿ ಇನ್ನೂ ಉಂಡಿರಂಗಿಲ್ಲ.”